ಪಾಸ್ ಇದ್ದವನ ಹೆಂಡತಿ

ಟೂನ್ ಊರಿನ ವರ್ನರ್ ನಂಬಿದ್ದು ಎರಡನ್ನೇ: ಒಂದು ತನ್ನ ಬುದ್ಧಿ, ಇನ್ನೊಂದು ಜೇಬಿನಲ್ಲಿದ್ದ ಕೆಂಪು ಕಾರ್ಡು. ಅದು ರೈಲಿನ ವರ್ಷದ ಪಾಸು. ಅದನ್ನು ತೋರಿಸಿದರೆ ಸ್ವಿಟ್ಜರ್ಲೆಂಡಿನಲ್ಲಿ ಯಾವ ರೈಲನ್ನಾದರೂ, ಬಸ್ಸನ್ನಾದರೂ, ಸರೋವರದ ಹಡಗನ್ನಾದರೂ ಹತ್ತಬಹುದು. ಟಿಕೆಟ್ಟಿನ ತಾಪತ್ರಯವಿಲ್ಲ, ಸೀಟು ಕಾದಿರಿಸುವ ಗೋಳಿಲ್ಲ. ವರ್ಷಗಟ್ಟಲೆ ಹಾಗೆ ಹತ್ತಿ ಇಳಿದು, ರೈಲೆಂಬುದು ತನಗಾಗಿಯೇ ಬಂದು ನಿಲ್ಲುವ ವಸ್ತು ಎಂಬ ಭ್ರಮೆ ಅವನಿಗೆ ಅಂಟಿಕೊಂಡಿತ್ತು. ಆ ದೇಶದಲ್ಲಿ ಅರ್ಧ ಜನಕ್ಕೆ ಈ ಕಾಯಿಲೆ ಇದೆ, ಸುಳ್ಳೇಕೆ ಹೇಳಲಿ. ವರ್ನರ್‌ಗೆ ಮಾತ್ರ ಅದು ನೆತ್ತಿಗೇರಿತ್ತು.

ಅವನ ಹೆಂಡತಿ ಲಿಸ್ಬೆತ್‌ಗೆ ಆ ಕಾಯಿಲೆ ಇರಲಿಲ್ಲ. ಅವಳಿಗಿದ್ದದ್ದು ಗಂಡ.

ಏಪ್ರಿಲ್ ತಿಂಗಳ ಒಂದು ಭಾನುವಾರ, ಜಡೆ ಹೆಣೆದಂಥ ಬ್ರೆಡ್ಡಿಗೆ ಅವಳು ಬೆಣ್ಣೆ ಸವರುತ್ತಿದ್ದಾಗ ಇಟಲಿಯಿಂದ ಮಗ ಫಾಬಿಯನ್‌ನ ಫೋನ್ ಬಂತು. ಅವನ ಮದುವೆ ನಿಶ್ಚಯವಾಗಿತ್ತು. ಹುಡುಗಿ ಇಲಾರಿಯಾ, ಪೆಸ್ಕಾರಾ ಊರಿನವಳು. ಜುಲೈ ಕೊನೆಯ ಶನಿವಾರ, ಸಂಜೆ ನಾಲ್ಕಕ್ಕೆ ಚರ್ಚಿನಲ್ಲಿ.

"ಅಮ್ಮ, ಇಲ್ಲಿ ಮದುಮಗನ್ನ ಅವನ ತಾಯಿನೇ ತೋಳು ಹಿಡ್ಕೊಂಡು ಒಳಗೆ ಕರ್ಕೊಂಡು ಹೋಗ್ಬೇಕು," ಅಂದ ಫಾಬಿಯನ್. "ನೀನು ಬರ್ಲಿಲ್ಲ ಅಂದ್ರೆ ನಾನು ಬಾಗಿಲಲ್ಲೇ ನಿಂತಿರ್ತೀನಿ, ನೋಡು."

ಲಿಸ್ಬೆತ್ ಬೆಣ್ಣೆಯ ಚಾಕು ಕೆಳಗಿಟ್ಟಳು. ಅವಳಿಲ್ಲದೆ ನಡೆಯದ ಕೆಲಸ ಅಂತ ಆ ಮನೆಯಲ್ಲಿ ಯಾರೂ ಯಾವತ್ತೂ ಹೇಳಿದವರಿರಲಿಲ್ಲ. ಫೋನ್ ಇಟ್ಟವಳೇ ಗಂಡನಿಗೆ ಹೇಳಿದಳು:

"ಮಿಲಾನ್‌ನಿಂದ ಪೆಸ್ಕಾರಾಗೆ ಈಗಲೇ ಟಿಕೆಟ್ ತಗೊಂಡ್ಬಿಡೋಣ. ಅಗ್ಗಕ್ಕೆ ಸಿಗುತ್ತೆ, ಸೀಟ್ ನಂಬರ್ ಸಮೇತ."

"ಟಿಕೆಟ್ಟಾ?" ವರ್ನರ್ ಪತ್ರಿಕೆಯಿಂದ ತಲೆಯೆತ್ತಿದ. "ಟಿಕೆಟ್ ತಗೊಂಡ್ರೆ ಆ ಒಂದು ರೈಲಿಗೆ ದನ ಕಟ್ಟಿದ ಹಾಗೆ ನಮ್ಮನ್ನ ಕಟ್ಟಿಹಾಕ್ತಾರೆ. ಅದು ತಪ್ತೋ, ಟಿಕೆಟ್ ಕಸದಬುಟ್ಟಿಗೆ. ನಾನು ಯುರೋಪ್ ಪಾಸ್ ತಗೋತೀನಿ, ನಿನಗೊಂದು, ನನಗೊಂದು. ಯಾವ ರೈಲು ಬೇಕೋ ಹತ್ತು, ಎಲ್ಲಿ ಬೇಕೋ ಇಳಿ."

"ಪಾಸ್ ಇದ್ರೂ ಇಟಲಿಯ ವೇಗದ ರೈಲಿಗೆ ಸೀಟ್ ಬೇರೆ ಕಾದಿರಿಸ್ಬೇಕಂತೆ. ಅದಕ್ಕೆ ಬೇರೆ ದುಡ್ಡು."

"ಅದು ದರೋಡೆ. ಪಾಸ್‌ಗೆ ಒಂದ್ಸಲ ಕೊಟ್ಟ ಮೇಲೆ ಮತ್ತೆ ಕುಂಡಿ ಊರೋಕೆ ಬೇರೆ ಕೊಡ್ಬೇಕಾ? ಒಂದು ಸೆಂಟೂ ಬಿಚ್ಚಲ್ಲ. ಆ ಜನಕ್ಕೂ ಸ್ವಲ್ಪ ಬುದ್ಧಿ ಬರ್ಲಿ."

ಇಟಲಿಯ ರೈಲಿನವರಿಗೆ ಬುದ್ಧಿ ಕಲಿಸುವ ಈ ಮಹಾಕಾರ್ಯದ ಪೆಟ್ಟು ಬೀಳುತ್ತಿದ್ದದ್ದು ಮಾತ್ರ ಹೆಂಡತಿಯ ಬೆನ್ನಿಗೆ. ಹಿಂದೆಯೂ ಹಾಗೇ ಆಗಿತ್ತು. ಅವಳ ಶಾಲೆಯ ಗೆಳತಿ ಮಾರ್ಗ್ರಿಟ್ ಪ್ಯಾರಿಸ್‌ನಲ್ಲಿ ತನ್ನ ಐವತ್ತರ ಹುಟ್ಟುಹಬ್ಬಕ್ಕೆ ಕರೆದಿದ್ದಳು. ಆಗಲೂ ಪಾಸು, ಆಗಲೂ ಸೀಟಿಲ್ಲ. ಪಾಸಿನವರಿಗೆ ಅಂತ ಇಟ್ಟಿದ್ದ ನಾಲ್ಕಾರು ಜಾಗ ಎಂದೋ ಮುಗಿದಿತ್ತು. ಬಾಸೆಲ್ ನಿಲ್ದಾಣದ ಬೆಂಚಿನ ಮೇಲೆ ಕೂತು ಚೀಸ್ ಬ್ರೆಡ್ ತಿಂದು ಮನೆಗೆ ವಾಪಸ್ಸಾಗಿದ್ದರು. "ಪ್ಯಾರಿಸ್ ಎಲ್ಲಿಗೂ ಓಡಿಹೋಗಲ್ಲ," ಅಂದಿದ್ದ ವರ್ನರ್, ಬಾಯಿ ಒರೆಸಿಕೊಳ್ಳುತ್ತ. ಆಮೇಲೆ ಪ್ಯಾರಿಸ್ಸಿನ ಮಾತೇ ಆ ಮನೆಯಲ್ಲಿ ಬರಲಿಲ್ಲ.

ಈ ಸಲ ಲಿಸ್ಬೆತ್ ವಾದ ಮಾಡಲಿಲ್ಲ. ಅವರಿದ್ದ ಕಟ್ಟಡದಲ್ಲಿ ಬಟ್ಟೆ ಒಗೆಯಲು ನೆಲಮಾಳಿಗೆಯಲ್ಲಿ ಒಂದೇ ಯಂತ್ರ, ಮನೆಗೊಂದು ದಿನ ಸರದಿ. ವರ್ನರ್ ಜಪ್ಪಯ್ಯ ಅಂದರೂ ಕಾಲಿಡದ ಜಾಗ ಅದೊಂದೇ. ತನ್ನ ಸರದಿಯ ದಿನ ಯಂತ್ರ ಗಡಗಡ ಅನ್ನುತ್ತಿದ್ದಾಗ ಅದರ ಪಕ್ಕ ನಿಂತು ಮೊಬೈಲಿನಲ್ಲಿ ಎರಡು ಟಿಕೆಟ್ ಕೊಂಡಳು. ಒಂದು ಅವಳ ಹೆಸರಿಗೆ, ಇನ್ನೊಂದು ಅವನ ಹೆಸರಿಗೆ. ಅಕ್ಕಪಕ್ಕದ ಸೀಟು. ಕಿಟಕಿ ಪಕ್ಕದ್ದನ್ನು ಅವನಿಗೇ ಕೊಟ್ಟಳು, ಪಾಪ. ಈಗಲೇ ಹೇಳಿದರೆ ರದ್ದು ಮಾಡಿಸುವವರೆಗೂ ಬಿಡುವ ಪ್ರಾಣಿಯಲ್ಲ. ಮಿಲಾನ್‌ನಲ್ಲಿ ಅವನು ಪೆಚ್ಚಾಗಿ ನಿಂತಾಗ ಮೆಲ್ಲಗೆ ತೆಗೆದು ಕೊಟ್ಟರಾಯಿತು ಅಂದುಕೊಂಡಳು.

ಒಂದು ದಿನ ಮುಂಚೆ ಬನ್ನಿ ಅಂತ ಫಾಬಿಯನ್ ಗೋಗರೆದ. "ಆ ಸೆಕೆಯಲ್ಲಿ ಒಂದು ರಾತ್ರಿ ಹೆಚ್ಚಿಗೆ ಹೊರಳಾಡೋಕೆ ನನಗೇನು ಹುಚ್ಚಾ?" ಅಂದ ವರ್ನರ್. ಹೀಗಾಗಿ ಮದುವೆಯ ದಿನವೇ ಬೆಳಕು ಹರಿಯುವ ಮುಂಚೆ ಹೊರಟರು. ಗಡಿ ದಾಟಿ ಡೊಮೊಡೊಸ್ಸೊಲಾದಲ್ಲಿ ಮಿಲಾನ್‌ಗೆ ಹೋಗುವ ಸಾಧಾರಣ ರೈಲು ಹತ್ತಿದರು. ಅದಕ್ಕೆ ಸೀಟು ಕಾದಿರಿಸುವ ಹಂಗಿಲ್ಲ. ವರ್ನರ್ ಬೇಯಿಸಿದ ಮೊಟ್ಟೆ ಸುಲಿಯುತ್ತ ಎದೆಯುಬ್ಬಿಸಿ ಕೂತ.

"ನೋಡಿದ್ಯಾ? ಯಾರಾದ್ರೂ ಸೀಟ್ ಸೀಟ್ ಅಂತ ಬಾಯಿ ಬಡ್ಕೊಂಡ್ರಾ?"

"ಇದು ವೇಗದ ರೈಲಲ್ಲ."

"ನಿನ್ನ ಬಾಯಲ್ಲಿ ಒಂದು ಒಳ್ಳೆ ಮಾತು ಬಂದಿದ್ದು ಯಾವಾಗ ಅಂತ ಯೋಚಿಸ್ತಿದ್ದೀನಿ. ನೆನಪಾಗ್ತಿಲ್ಲ."

"ನೀನು ಕೇಳಿಸ್ಕೊಂಡಿದ್ರೆ ತಾನೆ ನೆನಪಿರೋದು."

ಅವನು ಮೊಟ್ಟೆಗೆ ಉಪ್ಪು ಹಾಕಿಕೊಂಡ. ಅವಳು ಮದುವೆಗೆಂದು ಚೀಲದಲ್ಲಿ ತೂಗುಹಾಕಿ ತಂದಿದ್ದ ನೀಲಿ ಉಡುಪಿನ ಮಡಿಕೆ ಸರಿಮಾಡಿದಳು.

ಮಿಲಾನ್ ನಿಲ್ದಾಣದಲ್ಲಿ ಪ್ಲಾಟ್‌ಫಾರ್ಮಿಗೆ ಹೋಗುವ ಮುಂಚೆ ಗಾಜಿನ ಗೇಟು. ಬೇಸಿಗೆ ರಜೆಯ ಶನಿವಾರ. ಇಡೀ ಊರು ಸಮುದ್ರಕ್ಕೆ ಹೊರಟಂತೆ ಗಾಳಿ ತುಂಬಿದ ರಬ್ಬರ್ ಬಾತುಕೋಳಿಗಳೂ ಸಾಲಿನಲ್ಲಿ ನಿಂತಿದ್ದವು. ಗೇಟಿನ ಹುಡುಗಿ ವರ್ನರ್‌ನ ಮೊಬೈಲಿನಲ್ಲಿದ್ದ ಯುರೋಪ್ ಪಾಸ್ ನೋಡಿದಳು.

"ಪಾಸ್ ಸರಿ ಇದೆ ಸಾರ್. ಸೀಟು ಎಲ್ಲಿ?"

"ಪಾಸ್ ಅಂದ್ರೇ ಸೀಟು."

"ಅಲ್ಲ ಸಾರ್. ಈ ರೈಲಿಗೆ ಸೀಟು ಬೇರೆ ಬೇಕು. ಕೌಂಟರಲ್ಲಿ ಕೇಳಿ ನೋಡಿ."

ಕೌಂಟರಿನ ಸಾಲಿನಲ್ಲಿ ನಿಂತರು. ಈ ರೈಲು ಭರ್ತಿ. ಇದರ ನಂತರದ್ದೂ ಭರ್ತಿ. ದುಡ್ಡು ಕೊಟ್ಟರೂ ಇಲ್ಲ, ಬೇಡಿದರೂ ಇಲ್ಲ. ಸಂಜೆಯ ರೈಲಿಗೆ ಬೇಕಾದರೆ ಎರಡು ಸೀಟು ಕೊಡುತ್ತೇನೆ ಅಂದ ಕೌಂಟರಿನವನು. ಅಷ್ಟು ಹೊತ್ತಿಗೆ ಮದುವೆಯ ಅಕ್ಕಿಕಾಳನ್ನು ಚರ್ಚಿನ ಮೆಟ್ಟಿಲಿನಿಂದ ಗುಡಿಸಿಯೂ ಆಗಿರುತ್ತದೆ.

ವರ್ನರ್ ಗಾಜಿಗೆ ಬೆರಳು ಕುಟ್ಟಿ ಕೂಗಾಡಿದ. ನಮ್ಮ ದೇಶದಲ್ಲಿ ಹೀಗಲ್ಲ ಅಂದ. ಹಾಗಿದ್ದರೆ ನಿಮ್ಮ ದೇಶದ ರೈಲು ಹತ್ತಿ ಅಂದ ಕೌಂಟರಿನವನು, ಮುಂದಿನವರನ್ನು ಕರೆಯುತ್ತ. ಲಿಸ್ಬೆತ್‌ಗೆ ಒಳಗೊಳಗೇ ನಗು ಬಂತು, ಜೊತೆಗೆ ಅಯ್ಯೋ ಅನ್ನಿಸಿತು. ಗೇಟಿನ ಬಳಿಗೆ ಮರಳುತ್ತ ಕೈಚೀಲಕ್ಕೆ ಕೈಹಾಕಿ ಮೊಬೈಲ್ ಹಿಡಿದುಕೊಂಡಳು.

"ವರ್ನರ್, ಕೇಳಿಲ್ಲಿ..."

"ನೀನು ಬಾಯಿ ಮುಚ್ಕೊಂಡಿರು! ಬೆಳಿಗ್ಗೆಯಿಂದ ಆ ಅಳುಮುಂಜಿ ಮುಖ ಹೊತ್ಕೊಂಡು ಬಂದಿದ್ದೀಯ, ಅದಕ್ಕೇ ಹಿಂಗಾಗಿದ್ದು." ಅವನು ಮುಖ ಒರೆಸಿಕೊಂಡ. "ಏನೀಗ? ಸಾಧಾರಣ ರೈಲು ಹಿಡ್ಕೊಂಡು ನಿಧಾನಕ್ಕೆ ಹೋಗೋಣ. ರಾತ್ರಿ ಊಟಕ್ಕೆ ಸಿಗ್ತೀವಲ್ಲ."

"ನಾಲ್ಕು ಗಂಟೆಗೆ ನಾನು ಚರ್ಚ್ ಬಾಗಿಲಲ್ಲಿರ್ಬೇಕು."

"ಹತ್ತು ಹೆಜ್ಜೆ ನಡೆಯೋಕೆ ಅವನಿಗೇನು ಕಾಲಿಲ್ವಾ? ಅಮ್ಮ ಕೈ ಹಿಡಿದು ನಡೆಸೋಕೆ ಎಳೆಮಗುವಾ? ಚರ್ಚೇನು ಎಲ್ಲಿಗಾದ್ರೂ ಓಡಿಹೋಗುತ್ತಾ?"

ಲಿಸ್ಬೆತ್‌ಳ ಕೈ ಚೀಲದೊಳಗೇ ನಿಂತಿತು. ಬಾಸೆಲ್ಲಿನ ಬೆಂಚು, ಚೀಸ್ ಬ್ರೆಡ್ಡು, ಬಾಯಿ ಒರೆಸಿಕೊಂಡ ಆ ಕೈ ಎಲ್ಲ ಒಟ್ಟಿಗೇ ಕಣ್ಣ ಮುಂದೆ ಬಂತು. ಅವಳ ಮೈ ಉರಿದುಹೋಯಿತು. ಮೊಬೈಲ್ ಹೊರತೆಗೆದು ಗೇಟಿನ ಹುಡುಗಿಗೆ ತೋರಿಸಿದಳು. ಹಸಿರು ದೀಪ ಹತ್ತಿತು.

ವರ್ನರ್ ಕಣ್ಣು ಕಣ್ಣು ಬಿಟ್ಟ. "ಎಲ್ಲಿಂದ ಬಂತು ಅದು?"

"ಏಪ್ರಿಲ್‌ನಿಂದ ಇದೆ."

"ನನಗೆ?"

"ನಿನಗೂ ಇದೆ. ಕಿಟಕಿ ಪಕ್ಕ."

ಅವನು ಕೈ ಚಾಚಿದ. "ಕೊಡು ಮತ್ತೆ. ಚೀಲದಲ್ಲಿ ಇಟ್ಕೊಂಡು ಇಷ್ಟು ಹೊತ್ತು ನನ್ನ ಕುಣಿಸಿದ್ಯಾ?"

"ತಪ್ಪಾಯ್ತು ಅನ್ನು."

"ಏನು?"

"ತಪ್ಪಾಯ್ತು ಅಂತ ಒಂದು ಮಾತು ಹೇಳು ವರ್ನರ್. ಒಂದೇ ಮಾತು. ಜೊತೆಗೆ ಹೋಗೋಣ."

ಗೇಟಿನ ಹುಡುಗಿ ನೋಡುತ್ತಿದ್ದಳು. ಬಾತುಕೋಳಿ ಹಿಡಿದವರೂ ನೋಡುತ್ತಿದ್ದರು. ವರ್ನರ್‌ನ ಕಿವಿ ಕೆಂಪಾಯಿತು, ಚಾಚಿದ ಕೈ ಹಿಂದಕ್ಕೆ ಹೋಯಿತು. ಅವನು ಸೂಟ್‌ಕೇಸಿನ ಹಿಡಿ ಗಟ್ಟಿಯಾಗಿ ಹಿಡಿದು ನಿಂತ.

"ನಾನು ಪಾಸ್‌ಗೆ ದುಡ್ಡು ಕೊಟ್ಟಿದ್ದೀನಿ. ಪಾಸಿನಲ್ಲೇ ಹೋಗೋದು. ನೀನೂ ನನ್ನ ಜೊತೆ ಬರ್ತೀಯ."

ಬಾಸೆಲ್‌ನಿಂದ ತನ್ನ ಹಿಂದೆಯೇ ಮನೆಗೆ ಬಂದಿದ್ದಳಲ್ಲ, ಈಗಲೂ ಬರುತ್ತಾಳೆ ಅಂತ ಅವನಿಗೆ ಖಾತ್ರಿಯಿತ್ತು.

"ಸರಿ, ಊಟಕ್ಕೆ ಸಿಗೋಣ," ಅಂದಳು ಲಿಸ್ಬೆತ್. ಉಡುಪಿನ ಚೀಲ ಹೆಗಲಿಗೇರಿಸಿ ಗೇಟು ದಾಟಿದಳು. ಹಿಂದಿನಿಂದ ಅವನು ಹೆಸರು ಹಿಡಿದು ಕೂಗಿದ್ದು ಕೇಳಿಸಿತು. ತಿರುಗಲಿಲ್ಲ. ರೈಲು ಹೊರಟ ಮೇಲೆಯೇ ಅವಳಿಗೆ ನೆನಪಾದದ್ದು, ಮದುವೆಗೆಂದು ಕೊಂಡ ಬೆಳ್ಳಿ ಬಣ್ಣದ ಚಪ್ಪಲಿ ಆ ಸೂಟ್‌ಕೇಸಿನಲ್ಲಿ ಉಳಿದಿತ್ತು ಅಂತ.

ಕಿಟಕಿ ಪಕ್ಕದ ಸೀಟು ಖಾಲಿಯೇ ಇತ್ತು. ಎದುರಿಗೆ ಕೂತಿದ್ದ ಮುದುಕಿ ಅತ್ತ ಬೆರಳು ತೋರಿಸಿದಳು.

"ಇದು ಯಾರದ್ದಮ್ಮ?"

"ನನ್ನ ಗಂಡಂದು."

"ಎಲ್ಲಿ ಅವರು?"

"ಮಿಲಾನ್‌ನಲ್ಲಿ."

ಮುದುಕಿ ಒಂದು ಪೀಚ್ ಹಣ್ಣು ಕತ್ತರಿಸಿ ಅರ್ಧ ಕೊಟ್ಟಳು. ಲಿಸ್ಬೆತ್ ತಿಂದಳು. ಅವಳಿಗೆ ಭಯವಾಗಿತ್ತು, ಇಂಥದ್ದು ಅವಳು ಹಿಂದೆಂದೂ ಮಾಡಿರಲಿಲ್ಲ. ಮನಸ್ಸು ಕರಗಬಹುದೇನೋ ಅಂತ ಕಾದಳು. ಎಡಗಡೆ ಸಮುದ್ರ ಕಾಣಿಸತೊಡಗಿದರೂ ಕರಗಲಿಲ್ಲ. ಅವಳು ಎದ್ದು ಕಿಟಕಿಯ ಸೀಟಿಗೆ ಹೋಗಿ ಕೂತಳು.

ಪೆಸ್ಕಾರಾದ ಚರ್ಚಿನ ಮುಂದೆ ಫಾಬಿಯನ್ ಬೆವರಿಕೊಂಡು ನಿಂತಿದ್ದ. ರೈಲಿನಲ್ಲೇ ಉಡುಪು ಬದಲಿಸಿಕೊಂಡು ಬಂದ ತಾಯಿಯನ್ನು ನೋಡಿ ಅವಳ ಹಿಂದೆ ನೋಡಿದ.

"ಅಪ್ಪ?"

"ಬಿಟ್ಟು ಬಂದೆ. ಟಿಕೆಟ್ ಇತ್ತು, ಅವರು ಬೇಡ ಅಂದ್ರು."

ಮಗ ಬಯ್ಯಬಹುದು ಅಂದುಕೊಂಡಿದ್ದಳು. ಅವನು ಉಸಿರು ಬಿಟ್ಟು ಅವಳ ಕೈಯನ್ನು ತನ್ನ ತೋಳಿಗೆ ಸಿಕ್ಕಿಸಿಕೊಂಡ.

"ಅವರು ಬರೋದು ಡೌಟು ಅಂತ ನನಗೆ ಗೊತ್ತಿತ್ತಮ್ಮ. ನಿನ್ನನ್ನೂ ಜೊತೆಗೆ ಎಲ್ಲಿ ಕೂರಿಸ್ಕೊಂಡು ಬಿಡ್ತಾರೋ ಅಂತಲೇ ಹೆದರಿದ್ದೆ." ಅವಳ ಕಾಲ ಕಡೆ ನೋಡಿದ. "ಇದೇನು, ಬೆಟ್ಟ ಹತ್ತೋ ಬೂಟು?"

"ಬಾಯಿ ಮುಚ್ಕೊಂಡು ನಡಿ."

ನೀಲಿ ರೇಷ್ಮೆಯ ಕೆಳಗೆ ಕಂದು ಬಣ್ಣದ ಬೂಟು ಹಾಕಿಕೊಂಡು ಲಿಸ್ಬೆತ್ ಮಗನನ್ನು ಒಳಗೆ ನಡೆಸಿಕೊಂಡು ಹೋದಳು. ಕೂತಿದ್ದವರೆಲ್ಲ ಎದ್ದು ನಿಂತರು. ಅವಳು ಬೇಕಂತಲೇ ನಿಧಾನವಾಗಿ ನಡೆದಳು.

ವರ್ನರ್ ಬಂದದ್ದು ಊಟದ ನಡುವೆ, ಕಡ್ಡಿಗೆ ಚುಚ್ಚಿ ಸುಟ್ಟ ಕುರಿಮಾಂಸ ಎರಡನೆಯ ಸುತ್ತು ಬರುತ್ತಿದ್ದಾಗ. ಅಂಗಿ ಬೆನ್ನಿಗಂಟಿತ್ತು. ಸೂಟ್‌ಕೇಸಿನ ಒಂದು ಚಕ್ರ ಕಿತ್ತುಹೋಗಿತ್ತು. ಮಗನನ್ನು ತಬ್ಬಿಕೊಳ್ಳುವ ಮುಂಚೆಯೇ ಮೊಬೈಲ್ ಎತ್ತಿ ಹಿಡಿದ.

"ಸಾಧಾರಣ ರೈಲಲ್ಲೇ ಬಂದೆ! ಒಂದು ಸೆಂಟೂ ಹೆಚ್ಚಿಗೆ ಕೊಟ್ಟಿಲ್ಲ!"

ಭಾಷೆ ಗೊತ್ತಿಲ್ಲದ ಬೀಗರು ಏನೋ ಆಶೀರ್ವಾದ ಇರಬೇಕು ಅಂತ ಚಪ್ಪಾಳೆ ತಟ್ಟಿದರು. ಅವನು ಲಿಸ್ಬೆತ್‌ಳ ಪಕ್ಕದ ಕುರ್ಚಿ ಎಳೆದು ಕೂತು, ಅವಳ ತಟ್ಟೆಯಿಂದಲೇ ಒಂದು ಕಡ್ಡಿ ಎತ್ತಿಕೊಂಡ. ಮದುವೆ ಹೇಗಾಯಿತು ಅಂತ ಕೇಳಲಿಲ್ಲ.

"ಆ ನನ್ನ ಟಿಕೆಟ್ ಬಳಸ್ಲಿಲ್ವಲ್ಲ, ದುಡ್ಡು ವಾಪಸ್ ಕೊಡ್ತಾರಾ?"

"ಇಲ್ಲ."

"ನೋಡಿದ್ಯಾ? ನಾನು ಅವತ್ತೇ ಹೇಳಿದ್ದೆ." ಅವನು ಜಗಿಯುತ್ತ ಹೇಳಿದ. "ನಾಳಿದ್ದು ಬೆಳಿಗ್ಗೆ ಬೇಗ ಹೊರಡೋಣ. ದಾರಿಯೆಲ್ಲ ಈಗ ನನಗೆ ಬಾಯಿಪಾಠ."

ಲಿಸ್ಬೆತ್ ಕೈ ಒರೆಸಿಕೊಂಡು ಮೊಬೈಲ್ ತೆಗೆದಳು. ಊರಿನ ಹೆಸರು ಹಾಕಿದಳು, ತಾರೀಕು ಹಾಕಿದಳು. ವರ್ನರ್ ಬಗ್ಗಿ ನೋಡಿದ. ಎಷ್ಟು ಜನ ಅಂತ ಅದು ಕೇಳುತ್ತಿತ್ತು. ಅವಳು ಒಂದು ಅಂತ ಒತ್ತಿದಳು.

"ಒಂದಾ? ಇದೇನಿದು? ಪ್ಯಾರಿಸ್ಸಾ?"

"ಎಲ್ಲಿಗೂ ಓಡಿಹೋಗಲ್ಲ ಅಂದಿದ್ಯಲ್ಲ," ಅಂದಳು ಲಿಸ್ಬೆತ್. "ಇನ್ನೂ ಅಲ್ಲೇ ಇದೆಯಾ ಅಂತ ನೋಡ್ಕೊಂಡು ಬರ್ತೀನಿ."

"ಯಾವಾಗ ವಾಪಸ್?"

"ವಾಪಸ್ಸಿನ ಟಿಕೆಟ್ ಇನ್ನೂ ತಗೊಂಡಿಲ್ಲ."

ಅವಳು ಬಗ್ಗಿ ಸೂಟ್‌ಕೇಸ್ ತೆರೆದು ತನ್ನ ಬೆಳ್ಳಿ ಚಪ್ಪಲಿ ಹೊರತೆಗೆದಳು. ಬೂಟು ಬಿಚ್ಚಿ ಅವನ ಕುರ್ಚಿಯ ಕೆಳಗಿಟ್ಟು, ಚಪ್ಪಲಿ ಮೆಟ್ಟಿಕೊಂಡು, ಮಗ ಕುಣಿಯುತ್ತಿದ್ದ ಕಡೆಗೆ ಹೋದಳು.