ತೊಟ್ಟಿಯಲ್ಲಿ ಉಳಿದ ಗಂಡು

ನಮ್ಮ ಪ್ರಯೋಗಾಲಯದ ಗಾಜಿನ ತೊಟ್ಟಿಯಲ್ಲಿ ಹೆಣ್ಣುಗಳ ನಡುವೆ ಒಂದೇ ಒಂದು ಗಂಡು ಉಳಿದಿತ್ತು. ಸಮಪಾದಿ ಅನ್ನುತ್ತೇವೆ, ಅಕ್ಕಿಕಾಳಿನಷ್ಟು ಉದ್ದ, ಹದಿನಾಲ್ಕು ಕಾಲು, ಕಂಡವರು ಚಪ್ಪಲಿ ಹುಡುಕುವಂಥ ಕಡಲಜೀವಿ. ಬಂದರಿನ ಹಳೆಯ ಕಲ್ಲುಗೋಡೆಯ ಸಂದಿನಲ್ಲಿ ಸಿಕ್ಕಿದ್ದು. ಅರ್ಧ ಗೋಡೆಗೆ ಆಗಲೇ ಸಿಮೆಂಟು ಬಿದ್ದಿತ್ತು, ಉಳಿದರ್ಧಕ್ಕೆ ಮರುದಿನ ಬೆಳಿಗ್ಗೆ. ಇದು ಬೇರೆಯೇ ಜಾತಿ ಎಂದು ತೋರಿಸಿದರೆ ಕೆಲಸ ನಿಲ್ಲಿಸುತ್ತೇನೆಂದು ಬಂದರಿನ ಇಂಜಿನಿಯರ್ ಮಾತು ಕೊಟ್ಟಿದ್ದರು.

ತೋರಿಸುವುದು ಹೇಗೆ? ಎಲ್ಲ ಕಡೆ ಸಿಗುವ ಸಾಮಾನ್ಯ ಜಾತಿಗೂ ಇದಕ್ಕೂ ಮೇಲ್ನೋಟಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಹೆಣ್ಣುಗಳನ್ನಂತೂ ಬ್ರಹ್ಮನೇ ಬಂದರೂ ಬೇರ್ಪಡಿಸಲಾರ. ಗಂಡಿನ ಎರಡನೆಯ ಈಜುಗಾಲಿನಲ್ಲಿ ಪುಟ್ಟದೊಂದು ಕಡ್ಡಿ ಇರುತ್ತದೆ. ಸಾಮಾನ್ಯ ಜಾತಿಯಲ್ಲಿ ಅದರ ತುದಿ ನೆಟ್ಟಗೆ. ಇದರದ್ದು ಡೊಂಕು ಎಂದು ನನ್ನ ಅನುಮಾನ. ಖಚಿತಪಡಿಸಿಕೊಳ್ಳಲು ಆ ಕಾಲನ್ನು ಕಿತ್ತು ಸೂಕ್ಷ್ಮದರ್ಶಕದಡಿ ಇಡಬೇಕು. ಕಿತ್ತರೆ ಪ್ರಾಣಿ ಉಳಿಯುವುದಿಲ್ಲ.

“ಕೊಲ್ಲಬೇಡ ಕಣೆ,” ಎಂದರು ಸೋದರತ್ತೆ. ನನಗೆ ಈ ಕೆಲಸ ಕಲಿಸಿದವರು ಅವರೇ. ನಿವೃತ್ತರಾದರೂ ಪ್ರಯೋಗಾಲಯ ಬಿಟ್ಟಿರಲಾರರು. “ಮೈ ಮಂಕಾಗಿದೆ ನೋಡು. ಇವತ್ತು ಪೊರೆ ಬಿಡುತ್ತೆ.”

ಸಮಪಾದಿಗಳು ಪೊರೆ ಕಳಚುವುದು ಎರಡು ಕಂತಿನಲ್ಲಿ. ಮೊದಲು ಹಿಂದಿನರ್ಧ, ಆಮೇಲೆ ಮುಂದಿನರ್ಧ. ಹಿಂದಿನ ಪೊರೆಯಲ್ಲಿ ಆ ಕಡ್ಡಿಯ ಆಕಾರ ಹಾಗೇ ಉಳಿದಿರುತ್ತದೆ, ಅಂದರೆ ಜೀವ ತೆಗೆಯದೆ ಸಾಕ್ಷಿ ಸಿಗುತ್ತದೆ. ಆದರೆ ಕಳಚಿದ್ದನ್ನು ಇವು ಆಗಿಂದಾಗಲೇ ತಿಂದುಬಿಡುತ್ತವೆ. ಅತ್ತೆ ಊಟಕ್ಕೆ ಹೋದರು. ನಾನು ಚಿಮಟ ಹಿಡಿದು ಕಣ್ಣಲ್ಲಿ ಕಣ್ಣಿಟ್ಟು ಕೂತೆ.

ಫೋನು ಬಂತು.

“ಮೇಡಂ, ಒಂದು ಹುಳಕ್ಕೋಸ್ಕರ ಎಷ್ಟು ಕಾಯ್ಲಿ? ಕೂಲಿಯೋರೆಲ್ಲ ಕೇಳ್ತಿದಾರೆ,” ಎಂದರು ಇಂಜಿನಿಯರ್.

ಹುಳವಂತೆ! ನನಗೋ ಮೂಗಿನ ತುದಿಯಲ್ಲೇ ಕೋಪ. “ನಿಮ್ಮ ಮನೆಯವರನ್ನ ಯಾರಾದ್ರೂ ಹುಳ ಅಂದ್ರೆ ಸುಮ್ಮನಿರ್ತೀರಾ?” ಎಂದೆ. ಅವರೂ ಬಿಡಲಿಲ್ಲ. ಮಾತಿಗೆ ಮಾತು ಬೆಳೆಯಿತು. ನಾನು ಎದ್ದು ಕಿಟಕಿಯತ್ತ ತಿರುಗಿ ಕೂಗಾಡಿದೆ.

ಫೋನಿಟ್ಟು ಬಂದಾಗ ಗಂಡಿನ ಹಿಂದಿನರ್ಧ ಹೊಸದಾಗಿ ಬೆಳ್ಳಗಿತ್ತು. ಪೊರೆಯ ಕೊನೆಯ ಚೂರು ಬಾಯಲ್ಲಿತ್ತು. ಕಿತ್ತು ನೋಡಿದೆ. ಬೆನ್ನಿನ ತುಣುಕು ಅಷ್ಟೇ, ಕಡ್ಡಿ ಹೊಟ್ಟೆಗೆ ಹೋಗಿತ್ತು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೆ? ಇನ್ನೊಮ್ಮೆ ಪೊರೆ ಬಿಡಲು ವಾರಗಟ್ಟಲೆ ಬೇಕು.

ಅತ್ತೆ ಬಂದು ನೋಡಿದರು, ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

“ಗೋಡೇಲಿ ಇನ್ನೊಂದು ಗಂಡು ಇದ್ದೇ ಇರುತ್ತೆ ಅಲ್ವಾ ಅತ್ತೆ?”

“ಇರಬಹುದು.”

ಸುಮ್ಮನಿದ್ದರೆ ಬೆಳಿಗ್ಗೆ ಗೋಡೆಯಲ್ಲಿ ಸಂದುಗಳೇ ಇರುವುದಿಲ್ಲ. ತೊಟ್ಟಿಯ ಗಂಡನ್ನು ಚಿಮಟದಲ್ಲಿ ಎತ್ತಿ ಮದ್ಯಸಾರಕ್ಕೆ ಹಾಕಿದೆ. ಕಾಲುಗಳು ಸ್ವಲ್ಪ ಹೊತ್ತು ಆಡಿ ನಿಂತವು.

ಈಜುಗಾಲನ್ನು ಕಿತ್ತು ಸೂಕ್ಷ್ಮದರ್ಶಕದಡಿ ಇಟ್ಟೆ. ಕಡ್ಡಿಯ ತುದಿ ಡೊಂಕಾಗಿತ್ತು. ಅನುಮಾನಕ್ಕೆ ಎಡೆಯಿಲ್ಲದಂತೆ, ಕುಡುಗೋಲಿನ ಹಾಗೆ. ಕುಣಿದಾಡಬೇಕಿತ್ತು, ತೊಟ್ಟಿಯಲ್ಲಿ ಉಳಿದ ಹೆಣ್ಣುಗಳನ್ನು ಎಣಿಸುತ್ತ ಕೂತೆ.

ಸುದ್ದಿ ಕೇಳಿ ಇಂಜಿನಿಯರ್ ತಾವೇ ಬಂದರು. ಎರಡೂ ಜಾತಿಯ ಕಡ್ಡಿಗಳನ್ನು ಸೂಕ್ಷ್ಮದರ್ಶಕದಲ್ಲಿ ಮತ್ತೆ ಮತ್ತೆ ನೋಡಿದರು. ಅಲ್ಲೇ ಫೋನು ತೆಗೆದು ಸಿಮೆಂಟು ಬೇಡವೆಂದರು. ಆಮೇಲೆ ಮೆಲ್ಲಗೆ ಕೇಳಿದರು, “ಇಂಥ ಗಂಡು ಇನ್ನೂ ಇದಾವಲ್ವಾ?”

ಮರುದಿನ ನೀರಿಳಿದಾಗ ಮೂವರೂ ಉಳಿದರ್ಧ ಗೋಡೆಯ ಬುಡದಲ್ಲಿ ಬಗ್ಗಿದ್ದೆವು. ಇಂಜಿನಿಯರ್ ಪ್ಯಾಂಟು ಮಡಚಿ, ಉಗುರು ಕಿತ್ತುಹೋಗುವಂತೆ ಸಂದುಸಂದಿಗೂ ಬೆರಳು ಹಾಕುತ್ತಿದ್ದರು. ಸಿಕ್ಕಿದ್ದನ್ನೆಲ್ಲ ಅಂಗೈಯಲ್ಲಿಟ್ಟು ಓಡಿ ಬರುತ್ತಿದ್ದರು. “ಇದಾ ಮೇಡಂ? ಇದಾ?” ನಾನು ಭೂತಗನ್ನಡಿ ಹಿಡಿದು ಹೆಣ್ಣು, ಹೆಣ್ಣು ಎನ್ನುತ್ತಿದ್ದೆ.

ನೀರು ಏರುತ್ತ ಬಂತು. ಮೊಣಕಾಲು ಮುಳುಗಿದ ಮೇಲೂ ಅವರು ಮತ್ತೊಂದನ್ನು ತಂದರು. ನನಗೆ ನೋಡುವ ಧೈರ್ಯವಾಗಲಿಲ್ಲ. ಅತ್ತೆ ನನ್ನ ಕೈಯಿಂದ ಗಾಜು ತೆಗೆದುಕೊಂಡು ಅಂಗೈ ಮೇಲೆ ಬಗ್ಗಿದರು.

“ಹೆಣ್ಣು ಕಣಪ್ಪ,” ಎಂದರು. “ಇದೂ ಹೆಣ್ಣೇ.”