ಹತ್ತರಲ್ಲೊಂದು ಪಾಲು

ಪೇಟೆಯ ಅಂಗಡಿಯವರು ಬೆನ್ನ ಹಿಂದೆ ಅವರನ್ನು ಗ್ರಾಂ ಸಾಹೇಬರು ಎನ್ನುತ್ತಿದ್ದರು. ಎದುರಿಗೆ ಬರೀ ಸಾಹೇಬರು. ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಇನ್ಸ್‌ಪೆಕ್ಟರಾಗಿ ತಕ್ಕಡಿಗಳಿಗೆ ಮುದ್ರೆ ಹಾಕಿಕೊಂಡು ಬಂದ ಮನುಷ್ಯ. ಐದು ಗ್ರಾಂ ವ್ಯತ್ಯಾಸಕ್ಕೆ ಸ್ವಂತ ಭಾವಮೈದುನನ ಅಂಗಡಿಯ ತಕ್ಕಡಿಯನ್ನೇ ಜಪ್ತಿ ಮಾಡಿಸಿದ್ದರು. ಆಮೇಲೆ ಎರಡು ವರ್ಷ ಆ ಮನೆಯಿಂದ ಊಟದ ಕರೆ ಬರಲಿಲ್ಲ. ಬೇಜಾರು ಮಾಡಿಕೊಳ್ಳುವ ಜಾಯಮಾನ ಅವರದಲ್ಲ.

ಇಂಥವರ ಹೆಂಡತಿ ಯಾತ್ರೆಗೆ ಹೊರಟರೆ ಗಂಟುಮೂಟೆ ಕಟ್ಟುವ ಕೆಲಸ ಯಾರ ಕೈಗೆ ಹೋಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಆಕೆ ಮನೆಯಲ್ಲೇ ಬಟ್ಟೆ ಹೊಲಿದುಕೊಡುವವರು. ವಸಂತದಲ್ಲಿ, ಬಿಸಿಲು ಏರುವ ಮುಂಚೆ, ಗುಡ್ಡಗಳ ಆಚೆಗಿನ ಪುಣ್ಯಸ್ಥಳಕ್ಕೆ ಮೂವತ್ತಾರು ದಿನದ ಕಾಲ್ನಡಿಗೆ. ಹೋಗಬೇಕೆಂದು ಮೂರು ವರ್ಷದಿಂದ ತುದಿಗಾಲಲ್ಲಿ ನಿಂತಿದ್ದರು. ಮೊದಲ ವರ್ಷ ಮಗಳ ಹೆರಿಗೆ ಅಡ್ಡ ಬಂತು, ಮರುವರ್ಷ ಸಾಹೇಬರ ಕಣ್ಣಿನ ಆಪರೇಷನ್, ಹೋದ ವರ್ಷ ಅತ್ತೆಯ ಕಾಯಿಲೆ. ಈ ಸಲ ಯಾರು ಅಡ್ಡ ಮಲಗಿದರೂ ದಾಟಿಕೊಂಡು ಹೋಗುತ್ತೇನೆ ಎಂದು ಆಕೆ ಮೊದಲೇ ಸಾರಿಬಿಟ್ಟಿದ್ದರು. ಸಾಹೇಬರಿಗೆ ದೇವರಲ್ಲಿ ಅಂಥ ಭಕ್ತಿಯೇನೂ ಇರಲಿಲ್ಲ. ಆದರೆ ಯಾತ್ರೆಯ ನಿಯಮ ಕೇಳಿದಾಗ ಕಿವಿ ನೆಟ್ಟಗಾಯಿತು.

ನಿಯಮ ಗುಂಪಿನ ಮುಖಂಡರದು. ಅವರು ನಿವೃತ್ತ ಡ್ರಿಲ್ ಮೇಷ್ಟ್ರು. ಬೆನ್ನಿನ ಚೀಲ ಹೊರುವವರ ಮೈತೂಕದ ಹತ್ತರಲ್ಲೊಂದು ಪಾಲನ್ನು ಮೀರಬಾರದು. ಹೊರಡುವ ತಿಂಗಳ ಮುಂಚೆ ಒಮ್ಮೆ, ವಾರದ ಮುಂಚೆ ಇನ್ನೊಮ್ಮೆ, ಮೈತೂಕ, ಚೀಲದ ತೂಕ ಎರಡನ್ನೂ ಚೀಟಿಯಲ್ಲಿ ಬರೆದು ತಲುಪಿಸಬೇಕು. ನಡುವೆ ಮೂರು ಕಿಲೋಗಿಂತ ಹೆಚ್ಚು ಇಳಿದವರು ಮನೆಯಲ್ಲೇ ಇರಬೇಕು. ಹಿಂದೊಮ್ಮೆ ಒಬ್ಬರು ಒಂಬತ್ತನೇ ದಿನ ದಾರಿಯಲ್ಲಿ ಕುಸಿದುಬಿದ್ದ ಮೇಲೆ ಸೇರಿಸಿದ ಮಾತು ಅದು.

“ಈ ಮೇಷ್ಟ್ರು ನಮ್ಮ ಇಲಾಖೇಲಿ ಇರಬೇಕಾಗಿತ್ತು ಕಣೇ,” ಎಂದರು ಸಾಹೇಬರು.

ಮೊದಲ ಸಲ ಆಕೆ ಐವತ್ತಾರು ಕಿಲೋ ಇನ್ನೂರು ಗ್ರಾಂ ತೂಗಿದರು. ಚೀಲದ ಪಾಲಿಗೆ ಐದು ಕಿಲೋ ಆರುನೂರ ಇಪ್ಪತ್ತು ಗ್ರಾಂ ಬಂತು. ಸಾಮಾನೆಲ್ಲ ಊಟದ ಮೇಜಿನ ಮೇಲೆ ಹರಡಿಕೊಂಡು, ನಡುವೆ ಚಿಕ್ಕ ತಕ್ಕಡಿ ಇಟ್ಟುಕೊಂಡು ಸಾಹೇಬರು ಕೂತರು. ಹಲ್ಲುಜ್ಜುವ ಬ್ರಷ್ಷಿನ ಹಿಡಿ ಅರ್ಧಕ್ಕೆ ತುಂಡಾಯಿತು. ಟವೆಲ್ಲು ಅರ್ಧವಾಯಿತು, ಸೋಪು ಅರ್ಧವಾಯಿತು, ಸ್ವೆಟರಿನ ಕುತ್ತಿಗೆಯ ಹಿಂದಿನ ಕಂಪನಿಯ ಪಟ್ಟಿ ಕೂಡ ಉಳಿಯಲಿಲ್ಲ.

“ನನ್ನ ಕೂದಲನ್ನೂ ಕತ್ತರಿಸಿಬಿಡಿ, ಇನ್ನೂರು ಗ್ರಾಂ ಉಳಿಯತ್ತೆ,” ಎಂದರು ಹೆಂಡತಿ.

“ಅದು ಮೈತೂಕಕ್ಕೆ ಸೇರಿದ್ದು. ಕತ್ತರಿಸಿದ್ರೆ ಚೀಲದಲ್ಲಿ ನಿಂಗೇ ಇಪ್ಪತ್ತು ಗ್ರಾಂ ನಷ್ಟ.” ಸಾಹೇಬರು ನಗಲಿಲ್ಲ.

ಕತ್ತರಿ, ಸೂಜಿದಾರದ ಡಬ್ಬಿಗಾಗಿ ಎರಡು ದಿನ ಜಗಳ ನಡೆಯಿತು. ದಾರಿಯಲ್ಲಿ ಯಾರ ಚೀಲ ಹರಿದರೂ ಹೊಲಿಯುವವಳು ನಾನೇ ತಾನೇ ಎಂದು ಆಕೆ ಪಟ್ಟು ಹಿಡಿದರು. ಕೊನೆಗೆ ಡಬ್ಬಿ ಒಳಗೆ ಹೋಯಿತು. ಗುಡ್ಡದ ಮೇಲೆ ಚಳಿ ಇರುತ್ತದೆಂದು ಉಣ್ಣೆಯ ಶಾಲನ್ನು ಸಾಹೇಬರು ತಾವಾಗಿಯೇ ಸೇರಿಸಿದರು. ಮುಳ್ಳು ಐದು ಆರುನೂರ ಇಪ್ಪತ್ತಕ್ಕೆ ಸರಿಯಾಗಿ ನಿಂತಾಗ ಅವರಿಗೆ ಯಾತ್ರೆಯೇ ಮುಗಿದಷ್ಟು ಸಮಾಧಾನವಾಯಿತು.

ಅಂದಿನಿಂದ ಆಕೆ ದಿನಾ ಬೆಳಿಗ್ಗೆ ಚೀಲ ಹೊತ್ತು ಎರಡು ಗಂಟೆ ನಡೆದರು. ಯಾತ್ರೆಗೆಂದೇ ಹೊಲಿದುಕೊಂಡ ಪ್ಯಾಂಟಿನ ಸೊಂಟವನ್ನು ಮೂರು ವಾರದಲ್ಲಿ ಎರಡು ಸಲ ಬಿಗಿ ಮಾಡಿಕೊಂಡರು. ನಡಿಗೆಯಿಂದ ಮೈ ಹಗುರವಾಗಿದೆ ಎಂದು ಹೇಳಿಕೊಂಡು ತಿರುಗಿದರು. ಸಾಹೇಬರು ಹೂಂಗುಟ್ಟಿದರು. ತೂಕದ ಯಂತ್ರ ಹತ್ತುವವರೆಗೆ ಯಾವುದರ ತೂಕದ ಬಗ್ಗೆಯೂ ಅವರು ಅಭಿಪ್ರಾಯ ಇಟ್ಟುಕೊಂಡವರಲ್ಲ.

ಎರಡನೇ ತೂಕ ಒಂದು ಶನಿವಾರ ಬೆಳಿಗ್ಗೆ. ಅಡಿಗೆಮನೆಯ ಬಾಗಿಲ ಹಿಂದಿದ್ದ ಯಂತ್ರವನ್ನು ಹಜಾರಕ್ಕೆ ಎಳೆದು ಹೆಂಡತಿಯನ್ನು ನಿಲ್ಲಿಸಿದರು. ಕನ್ನಡಕವಿಲ್ಲದೆ ಆಕೆಗೆ ಮುಳ್ಳು ಕಾಣದು. ಮುಳ್ಳು ಐವತ್ತೊಂದು ಒಂಬೈನೂರರಲ್ಲಿತ್ತು.

“ಇಳಿ. ಮತ್ತೆ ಹತ್ತು.”

ಮೂರು ಸಲ ಹತ್ತಿ ಇಳಿದ ಮೇಲೆ ಆಕೆ ಕೇಳಿದರು, “ಎಷ್ಟು ಬಂತು?”

“ಯಂತ್ರ ಕೆಟ್ಟಿದೆ. ನೋಡಬೇಕು.”

ಅದನ್ನು ಅವರು ನಂಬಿಯೇ ಹೇಳಿದರು. ರಜೆಯ ದಿನ ಆಫೀಸಿನ ಬೀಗ ತೆಗೆಸಿ, ಪರೀಕ್ಷೆಯ ಕಬ್ಬಿಣದ ಬಟ್ಟುಗಳನ್ನು ತಂದರು: ಇಪ್ಪತ್ತು ಕಿಲೋದವು ಎರಡು, ಹತ್ತರದು ಒಂದು. ಐವತ್ತೆಂಟರ ವಯಸ್ಸಿನಲ್ಲಿ ಎರಡು ಮಹಡಿ, ಮೂರು ಸಲ. ಏನು ಸಾಹೇಬರೇ, ವ್ಯಾಯಾಮ ಜೋರಾಗಿದೆ ಎಂದ ಪಕ್ಕದ ಮನೆಯವರಿಗೆ ಉತ್ತರ ಕೊಡುವಷ್ಟು ಉಸಿರು ಉಳಿದಿರಲಿಲ್ಲ. ಹೆಂಡತಿ ಹೊಲಿದ ಬಟ್ಟೆ ಕೊಡಲು ಹೋಗಿದ್ದರು. ಬಟ್ಟುಗಳನ್ನು ಒಂದೊಂದಾಗಿ ಏರಿಸಿದರು. ಮುಳ್ಳು ಐವತ್ತರ ಗೆರೆಯ ಮೇಲೆ ನಿಂತಿತು. ಸ್ಥಳ ಬದಲಿಸಿ ಇಟ್ಟರು, ಅಲ್ಲೇ ನಿಂತಿತು. ಯಂತ್ರ ಸುಳ್ಳಾಗಿರಲಿ ಎಂದು ಅವರು ಸರ್ವೀಸಿನಲ್ಲಿ ಬಯಸಿದ್ದು ಅದೇ ಮೊದಲು. ಅದು ಸುಳ್ಳಾಗಿರಲಿಲ್ಲ. ಮೂರು ವಾರಕ್ಕೆ ನಾಲ್ಕು ಕಿಲೋ ಮುನ್ನೂರು ಗ್ರಾಂ. ಅವರಿಗೆ ಹೆದರಿಕೆಯಾಯಿತು.

ಇದ್ದದ್ದು ಇದ್ದಂತೆ ಬರೆದರೆ ಮೇಷ್ಟ್ರು ಬಿಡುವುದಿಲ್ಲ. ಡಾಕ್ಟರು, ಪರೀಕ್ಷೆ ಎನ್ನುವಷ್ಟರಲ್ಲಿ ಗುಂಪು ಹೊರಟಿರುತ್ತದೆ. ನಾಲ್ಕನೇ ವರ್ಷ ಅಡ್ಡ ಮಲಗಿದವರು ತಾವೇ ಆಗುತ್ತಾರೆ. ಸಾಹೇಬರು ಚೀಟಿ ತೆಗೆದುಕೊಂಡು, ಮೈತೂಕ ಐವತ್ತೈದು ಎಂದು ಬರೆದರು. ಬರೆದಾದ ಮೇಲೆ ಚೀಲ ಕಣ್ಣಿಗೆ ಬಿತ್ತು. ಇಳಿದುಹೋದ ಬೆನ್ನಿನ ಮೇಲೆ ಹಳೇ ತೂಕ ಹೊರಿಸಲು ಮನಸ್ಸು ಒಪ್ಪಲಿಲ್ಲ. ಶಾಲು ತೆಗೆದರು, ಸೂಜಿದಾರದ ಡಬ್ಬಿ ತೆಗೆದರು. ಚೀಲ ಐದು ಕಿಲೋ ನೂರ ಎಂಭತ್ತು ಗ್ರಾಂ ತೂಗಿತು. ಅದನ್ನು ಇದ್ದಂತೆಯೇ ಬರೆದರು.

ಮಧ್ಯಾಹ್ನ ಊಟವಾದ ಮೇಲೆ ಆಕೆ ಕನ್ನಡಕ ಹಾಕಿಕೊಂಡು ಚೀಟಿ ಓದಿದರು.

“ಐವತ್ತೈದಾ?” ಮುಖ ಅರಳಿತು. “ಯಂತ್ರ ಸರಿಹೋಯ್ತಾ?”

“ಹ್ಞೂಂ.”

“ಸದ್ಯ. ನಾನು ಏನೇನೋ ಅಂದ್ಕೊಂಡಿದ್ದೆ.” ಎರಡನೇ ಸಾಲಿಗೆ ಬಂದು ತಡೆದರು. “ಚೀಲ ಯಾಕೆ ಇಷ್ಟೇ ಇದೆ? ಐವತ್ತೈದಕ್ಕೆ ಐದೂವರೆ ಬರತ್ತಲ್ಲ.” ಎದ್ದುಹೋಗಿ ಚೀಲದ ಬಾಯಿ ಬಿಚ್ಚಿ ನೋಡಿದರು. “ಡಬ್ಬಿ ಹೋಗ್ಲಿ, ಶಾಲು ಯಾಕೆ ತೆಗೆದ್ರಿ? ಚಳಿ ಅಂತ ನೀವೇ ಹಾಕಿದ್ದು.”

“ಹಗುರ ಇರ್ಲಿ ಅಂತ.”

ಇಂಚು, ಕಾಲಿಂಚು ಲೆಕ್ಕ ಹಾಕಿ ಬದುಕಿದ ಹೆಂಗಸಿಗೆ ಹತ್ತರಿಂದ ಗುಣಿಸುವುದು ಕಷ್ಟವೇ? ತುಟಿ ಸ್ವಲ್ಪ ಅಲ್ಲಾಡಿತು. ಆಮೇಲೆ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು.

“ಐವತ್ತೆರಡೂ ಇಲ್ಲ, ಅಲ್ವಾ ನಾನು?”

“ಐವತ್ತೊಂದು ಒಂಬೈನೂರು,” ಎಂದರು ಸಾಹೇಬರು ನೆಲ ನೋಡುತ್ತ. “ನೀನು ಹೋಗಿ ಬಾ. ಬಂದ ಮೇಲೆ ಡಾಕ್ಟರಿಗೆ ತೋರಿಸೋಣ,” ಎಂದರು.

“ನಡೆದು ನಡೆದು ಇಳಿದಿದೆ ಅಂತಲೇ ನಂಬ್ಕೊಂಡಿದ್ದೆ. ನೀವು ಐವತ್ತೊಂದು ಅಂತ ಬರೆದಿದ್ರೂ ಹಾಗೇ ನಂಬ್ತಿದ್ದೆ, ಮೇಷ್ಟ್ರ ಹತ್ರ ಜಗಳ ಆಡ್ತಿದ್ದೆ.” ಆಕೆಯ ದನಿ ಏರಲಿಲ್ಲ. “ನೀವು ಸುಳ್ಳು ಬರೆದಿದ್ದೀರಿ. ಇನ್ನು ಹಾಗೆ ನಂಬೋದಕ್ಕೆ ಆಗಲ್ಲ.”

ಆಕೆ ತಾವೇ ಮೇಷ್ಟ್ರಿಗೆ ಫೋನು ಮಾಡಿ, ಈ ಸಲ ಬರುತ್ತಿಲ್ಲ ಎಂದರು. ಆ ಕಡೆಯಿಂದ ಏನೋ ಕೇಳಿರಬೇಕು. ಮೈ ಸರಿಯಿಲ್ಲ, ಅಷ್ಟೇ ಎಂದು ಇಟ್ಟರು. ಸಾಹೇಬರು ಕುರ್ಚಿಯಲ್ಲಿ ಕೂತೇ ಇದ್ದರು. ಯಾತ್ರೆ ತಪ್ಪಿದ ದುಃಖಕ್ಕಿಂತ ದೊಡ್ಡದೊಂದು ಮನೆಯೊಳಗೆ ಬಂದಿದೆ ಎಂದು ಇಬ್ಬರಿಗೂ ಗೊತ್ತಿತ್ತು.

“ಡಾಕ್ಟರು ಸಂಜೆ ಎಷ್ಟು ಹೊತ್ತಿಗೆ ಬರ್ತಾರೆ ಕೇಳಿ,” ಎಂದರು ಆಕೆ. “ಅಲ್ಲಿ ತೂಕ ಎಷ್ಟು ಅಂತ ಕೇಳಿದ್ರೆ ನೀವು ಬಾಯಿ ಹಾಕ್ಬೇಡಿ. ನಾನೇ ಹೇಳ್ತೀನಿ.”

ಸಾಹೇಬರು ಆಗಲಿ ಎಂದು ತಲೆಯಾಡಿಸಿ ಫೋನು ಎತ್ತಿಕೊಂಡರು.