ಮನೆಮಗಳ ಕೂಲಿ

"ಲೇ ಪೆರ್ದೆಗುಲ್, ಮೂಗು ಸತ್ತೋಗಿದೆಯೇನೆ ನಿಂದು? ಕಿವಿ ಹತ್ರ ಇನ್ನೂ ಕೂದಲು ನಾರ್ತಿದೆ. ಬೀಗರ ಬಾಯಿಗೆ ಕೂದಲು ಸಿಕ್ಕಿದ್ರೆ ನಿನ್ನ ತಲೇನೇ ಸುಡ್ತೀನಿ, ಮುಂಡೆ!"

ಹಿಮ ಬಿದ್ದ ಹಿತ್ತಲಲ್ಲಿ ಕುಕ್ಕರುಗಾಲಲ್ಲಿ ಕೂತು ಪೆರ್ದೆಗುಲ್ ಕುರಿತಲೆಯನ್ನು ಬೆಂಕಿಗೆ ಹಿಡಿದಿದ್ದಳು. ಬೈಯುತ್ತಿದ್ದವಳು ಮನೆಯೊಡತಿ ಕಾರ್ಲಿಗಾಶ್. ಅಲ್ಮಾಟಿಯ ಈ ದೊಡ್ಡ ಮನೆಗೆ ಬಂದ ದಿನವೇ ಅವಳು ಹೇಳಿಕೊಟ್ಟಿದ್ದಳು: "ನನ್ನ ಅಕ್ಕ ಅನ್ನು, ನಮ್ಮೆಜಮಾನ್ರನ್ನ ಭಾವ ಅನ್ನು. ನೀವು ಗಡಿಯಾಚೆ ಕರಕಲ್ಪಾಕರು, ನಾವು ಈಚೆ ಕಜಾಕರು, ಒಂದೇ ರಕ್ತ. ನೀನು ಈ ಮನೆಮಗಳು." ಮನೆಮಗಳಿಗೆ ಸಂಬಳ ಯಾರು ಕೊಡುತ್ತಾರೆ? ಹೋದ ಚಳಿಗಾಲದಿಂದ ಒಂದು ಬಿಡಿಕಾಸು ಕೈಗೆ ಬಂದಿರಲಿಲ್ಲ. ಪಾಸ್‌ಪೋರ್ಟು ಅಕ್ಕನ ಕಪಾಟಿನಲ್ಲಿತ್ತು.

"ಅಕ್ಕಾ, ಶುಕ್ರವಾರ ಅಪ್ಪನ ನಲವತ್ತನೇ ದಿನ. ಮಣ್ಣಿಗಂತೂ ಹೋಗಕ್ಕಾಗ್ಲಿಲ್ಲ. ಅವತ್ತಾದ್ರೂ ಒಂದು ಕುರಿ ಕಡಿದು ಊರೋರಿಗೆ ಇಕ್ಕಬೇಕು. ನನ್ನ ಕೂಲಿ ಕೊಟ್ಬುಡಿ, ಸಂಜೆ ಬಸ್ಸಿಗೆ..."

"ಥೂ ನಿನ್ನ! ಮಗನ ಮದುವೆ ಮಾತಿನ ದಿನ ಸಾವಿನ ಸುದ್ದಿ ತೆಗೀತೀಯಲ್ಲೇ, ಶನಿ! ಸತ್ತೋನಿಗೇನು ಹಸಿವಾ? ಬೀಗರು ತಿಂದು ಉಳಿದಿದ್ದು ಗಂಟು ಕಟ್ಕೊಡ್ತೀನಿ. ಅದನ್ನೇ ತಿಂದು ಅಪ್ಪನ್ನ ನೆನಸ್ಕೋ."

ಸತ್ತವನಿಗೆ ಹಸಿವಿಲ್ಲ, ನಿಜ. ಆದರೆ ನೀರು ಬತ್ತಿದ ಕಡಲ ದಂಡೆಯಲ್ಲಿ ಮೀನಿಲ್ಲದ ಬಲೆಗೆ ತೇಪೆ ಹಾಕುತ್ತಲೇ ಜೀವ ಬಿಟ್ಟ ಮುದುಕನಿಗೆ ಒಂದು ಕುರಿಯೂ ದಕ್ಕಬಾರದೆ? ಕಕ್ಕಸು ತೊಳೆಯುವ ಆಸಿಡ್ಡಿಗೆ ಪೆರ್ದೆಗುಲಳ ಕೈಗಳ ಬೆನ್ನು ಒಡೆದು ರಕ್ತ ಜಿನುಗುತ್ತಿತ್ತು. ಅದೇ ಕೈಯಲ್ಲಿ ತಲೆಯನ್ನು ಉಜ್ಜಿ ತೊಳೆದು ಬೇಯಲಿಟ್ಟಳು.

ಮಧ್ಯಾಹ್ನ ಬೀಗರು ಬಂದರು. ಹೆಣ್ಣಿನ ಅಜ್ಜ ತೊಕ್ತಾರ್‌ಬಾಯ್ ಬಾಗಿಲಿಗೆ ಎದುರಾದ ಹಿರಿಯರ ಜಾಗದಲ್ಲಿ ಕೂತ. ಎಲ್ಲರೂ ಅಂಗೈ ಬಿಚ್ಚಿ ಮುಗಿಲಿಗೆ ಹಿಡಿದರು, ಮುದುಕ ಹರಸಿದ. ಬೀಗರ ಕಡೆಯ ಮಗುವೊಂದು ಆಟಕ್ಕೆಂದು ಅಂಗೈ ಕವುಚಿ ಹಿಡಿಯಿತು. ತಾಯಿ ಪಟ್ಟನೆ ಬಾರಿಸಿದಳು.

"ಹಂಗ್ ಹಿಡೀಬಾರ್ದು ಕಣೋ, ಮನೆಗೆ ಶಾಪ ತಟ್ತದೆ!"

ಮನೆಯೊಡೆಯ ದಾರ್ಮೆನ್ ಊರಿಗೆಲ್ಲ ಕೆಲಸದಾಳು ಒದಗಿಸುವ ಕಂತ್ರಾಟುದಾರ. ಎರಡು ಗುಟುಕು ಇಳಿದ ಮೇಲೆ ಅವನನ್ನು ಹಿಡಿಯುವವರೇ ಇಲ್ಲ.

"ಕೂಲಿ ಅನ್ನೋದು ಟೊಮ್ಯಾಟೊ ರೇಟಿದ್ದಂಗೆ ತಾತ. ಲೋಡು ಜಾಸ್ತಿ ಬಂತೋ, ರೇಟು ಬಿತ್ತು. ಗಡಿಯಾಚೆಯಿಂದ ದಿನಾ ಬಸ್ಸು ತುಂಬಿ ಬರ್ತಾರೆ. ಒಬ್ಬಳಿಗೆ ಏರಿಸಿದ್ರೆ ಊರಿಗೆಲ್ಲ ಏರಿಸ್ಬೇಕು. ಊಟ, ಹಾಸಿಗೆ, ಸೋಪು ಎಲ್ಲ ಕಳೀರಿ, ಅವರೇ ನಮಗೆ ಬಾಕಿ!"

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಆಗಲೇ ಪೆರ್ದೆಗುಲ್ ಕುರಿತಲೆಯ ತಟ್ಟೆ ತಂದು, ಮೂತಿಯನ್ನು ಮುದುಕನ ಕಡೆಗೆ ತಿರುಗಿಸಿ ಇಟ್ಟಳು.

"ಎಷ್ಟು ಚೆಂದ ಬೇಯ್ಸವಳೆ! ಯಾರಮ್ಮ ಈ ಹುಡುಗಿ?"

"ನಮ್ಮ ಮನೆಮಗಳೇ ತಾತ," ಎಂದಳು ಕಾರ್ಲಿಗಾಶ್. "ಹೊರಗಿನೋರ ಕೈ ಅಡುಗೆ ನಿಮಗೆ ಇಕ್ತೀವಾ?"

ಮುದುಕ ಕೆನ್ನೆಯ ಮಾಂಸ ಕೊಯ್ದು ಅವಳತ್ತ ಚಾಚಿದ. "ಮನೆಮಗಳು ಅಂದ್ಮೇಲೆ ಬಾರವ್ವ, ತಗೋ. ಅಪ್ಪ ಅವ್ರೋ, ಇಲ್ವೋ? ಅಪ್ಪ ಬದುಕಿರೋರು ತಲೆಮಾಂಸ ಮುಟ್ಟಂಗಿಲ್ಲ."

"ತಿನ್ಬೋದು ತಾತ. ಅಪ್ಪ ಸತ್ತೋದ್ರು. ಶುಕ್ರವಾರಕ್ಕೆ ನಲವತ್ತು."

ಮುದುಕನ ಕೈ ಅಲ್ಲೇ ನಿಂತಿತು. "ಏನಿದು ಬೀಗರೆ? ಮನೇಲಿ ಸಾವಿನ ನಲವತ್ತೇ ಕಳೆದಿಲ್ಲ, ನಮ್ಮನ್ನ ಕೂರಿಸ್ಕೊಂಡು ಮದುವೆ ಮಾತಾಡ್ತೀರಾ?"

ಕಾರ್ಲಿಗಾಶಳ ಮುಖ ಬಿಳಿಚಿಕೊಂಡಿತು. "ಅಯ್ಯೋ, ಇವಳು ಮನೆಯವಳಲ್ಲ ತಾತ! ಕೆಲಸದ ಮುಂಡೆ. ಕೂಲಿಯವಳು, ಬರೀ ಕೂಲಿಯವಳು!"

"ಕೂಲಿಯವಳಾ? ಹಂಗಾದ್ರೆ ಸರಿ ಬಿಡು." ಚಾಚಿದ್ದ ತುಂಡನ್ನು ಮುದುಕ ತನ್ನ ಬಾಯಿಗೇ ಹಾಕಿಕೊಂಡ.

"ನಿಮ್ಮ ಬಾಯಲ್ಲೇ ಬಂತಲ್ಲ ಅಕ್ಕಾ," ಎಂದಳು ಪೆರ್ದೆಗುಲ್. "ಹಂಗಿದ್ರೆ ಕೂಲಿ ಕೊಡಿ. ಪಾಸ್‌ಪೋರ್ಟು ಕೊಡಿ."

ದಾರ್ಮೆನ್ ಎದ್ದು ಕೆನ್ನೆಗೆ ಬಾರಿಸಿದ. "ಬೀಗರ ಮುಂದೆ ಮಾನ ಕಳೀತೀಯಾ, ಬೋಸುಡಿ? ಒಂದು ಫೋನ್ ಹಾಕಿದ್ರೆ ಪೊಲೀಸ್ನೋರು ಒದ್ದು ಗಡಿ ದಾಟಿಸ್ತಾರೆ. ಬರಿಗೈಲಿ!"

ಬಾಯೊಳಗೆ ರಕ್ತದ ರುಚಿ. ಪೆರ್ದೆಗುಲ್ ಮಂಡಿಯೂರಿ ಕೂತಳು. ಎರಡೂ ಕೈ ಮುಂದೆ ಚಾಚಿದಳು. ಬೇಡುತ್ತಾಳೆ ಎಂದುಕೊಂಡು ದಾರ್ಮೆನ್ ನಕ್ಕ. ಅವಳು ಅಂಗೈ ಕವುಚಿದಳು. ಒಡೆದ ಕೈಬೆನ್ನು ಎಲ್ಲರಿಗೂ ಕಾಣಿಸಿತು.

"ಈ ಕುರಿ ನನ್ನಪ್ಪಂದು. ನನ್ನ ಕೂಲಿ ಉಂಡ ಈ ಮನೇಲಿ..."

ಮುದುಕ ಬಾಯಲ್ಲಿದ್ದದ್ದನ್ನು ತಟ್ಟೆಗೆ ಉಗಿದ. ಮಗುವನ್ನು ತಾಯಿ ಮಡಿಲಿಗೆ ಎಳೆದುಕೊಂಡಳು.

"ಬೇಡ ಕಣೇ! ಕೈ ತಿರುಗಿಸೇ, ನನ್ನವ್ವ!" ಕಾರ್ಲಿಗಾಶ್ ಕಿರುಚಿದಳು. "ಕೊಡ್ತೀನಿ, ಎಲ್ಲಾ ಕೊಡ್ತೀನಿ!"

"...ತೊಟ್ಲು ತೂಗದಿರ್ಲಿ. ಒಲೆ..."

ದಾರ್ಮೆನ್ ಅವಳ ಬಲಗೈಯನ್ನು ತಿರುಚಿ ಮೇಲ್ಮುಖ ಮಾಡಿದ. ಬೆರಳೊಂದು ಲಟಕ್ಕೆಂದಿತು. ಎಡಗೈ ಕವುಚಿಯೇ ಇತ್ತು. ಪೆರ್ದೆಗುಲ್ ಉಸಿರೆಳೆದುಕೊಂಡು ಮತ್ತೆ ಮೊದಲಿಂದ ಶುರುಮಾಡಿದಳು.